ಕೆಮ್ಮಣ್ಣು ಕಟ್ಟಿದ ಬೀಜ

ದೊಡ್ಡಗುಡ್ಡಪ್ಪನಹಟ್ಟಿ,
ಯಲ್ಲದಕೆರೆ ದಾರಿ, ಹಿರಿಯೂರು ತಾಲ್ಲೂಕು
8 ಜುಲೈ 2024

ಅನುಪಮಾ ಮೇಡಂ ಅವರಿಗೆ,

ನಾನು ಏಕನಾಥಮ್ಮ. ಈ ಹಟ್ಟಿಗೆ ಯಾರ ಹೆಸರಿದೆಯೋ ಆ ದೊಡ್ಡಗುಡ್ಡಪ್ಪನವರ ಹಿರಿಯ ಸೊಸೆ. ನೀವು ಪಾಠ ಮಾಡುವ ಶಾಲೆ ನಿಂತಿರುವ ನೆಲ ನಮ್ಮ ಮಾವನವರು ಬಿಟ್ಟುಕೊಟ್ಟದ್ದು. ಶಾಲಾಭಿವೃದ್ಧಿ ಸಮಿತಿಗೆ ನನ್ನ ಮಗ ಮಾರುತೇಶ್ ಅಧ್ಯಕ್ಷ. ಮನೆಯಲ್ಲಿ ಕೇಳದೆ ಅವನು ಯಾವ ಕಾಗದಕ್ಕೂ ರುಜು ಹಾಕುವುದಿಲ್ಲ. ನಾನು ತುರುವನೂರಿನಲ್ಲಿ ಹೈಸ್ಕೂಲು ಓದಿದವಳು. ಹೇಳಬೇಕಾದದ್ದನ್ನು ಬರೆದು ಕಳಿಸುವುದು ನನ್ನ ಪದ್ಧತಿ. ಫೋನಿನಲ್ಲಿ ಆಡಿದ್ದನ್ನು ಆಡಿಲ್ಲ ಎನ್ನಬಹುದು.

ಮಿಶ್ರಣಗಳ ಪಾಠಕ್ಕೆ ಮನೆಯಿಂದ ಏನಾದರೂ ಬೆರೆತ ಪದಾರ್ಥ ತರಲು ಹೇಳಿದಿರೆಂದು ನನ್ನ ಮೊಮ್ಮಗಳು ಯಮುನಾ ಹೇಳಿದಳು. ನನ್ನ ಸೊಸೆ ಶಿವಗಂಗಮ್ಮ ರಾಗಿಗೆ ಸಾಸಿವೆ ಬೆರೆಸಿ ಡಬ್ಬಿಗೆ ತುಂಬುತ್ತಿದ್ದಳು. ನಾನು ಬೇಡವೆಂದೆ. ಪಾಠಕ್ಕೆಂದು ಬೆರೆಸಿದ್ದು ಆಟದ ಸಾಮಾನು. ಕೆಲಸಕ್ಕೆಂದು ಬೆರೆಸಿದ್ದು ನಮ್ಮ ಮನೆಯಲ್ಲಿದೆ.

ಯಮುನಾ ತಂದಿರುವುದು ನಮ್ಮ ಬೀಜದ ತೊಗರಿ. ಸುಗ್ಗಿ ಮುಗಿದ ಮೇಲೆ ಬೀಜದ ಕಾಳನ್ನು ಕೆಮ್ಮಣ್ಣಿನ ಕೆಸರಿನಲ್ಲಿ ಹೊರಳಿಸಿ, ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ ಗುಡಾಣಕ್ಕೆ ತುಂಬುತ್ತೇವೆ. ಮಣ್ಣು ಕಟ್ಟಿದ ಕಾಳಿಗೆ ಹುಳ ಬೀಳುವುದಿಲ್ಲ. ಪ್ರತಿ ವರ್ಷ ಕಾರಹುಣ್ಣಿಮೆಯ ದಿನ ಸುತ್ತಲಿನ ಹಟ್ಟಿಗಳವರು ನಮ್ಮ ಅಂಗಳಕ್ಕೆ ಬಂದು ಈ ಬೀಜ ಒಯ್ಯುತ್ತಾರೆ. ನಮ್ಮ ಅತ್ತೆಯವರ ಮೊರದಿಂದ ನಾನೇ ಕೊಡುತ್ತೇನೆ. ಅದಕ್ಕೆ ಬೆಲೆ ತೆಗೆದುಕೊಳ್ಳುವುದಿಲ್ಲ. ಅತ್ತೆಯವರು ತವರಿನಿಂದ ತಂದ ತಳಿ ಇದು. ಇದಕ್ಕೆ ಬೇರೆ ಕಾಳು ಸೋಕಿಲ್ಲ.

ಮಕ್ಕಳಿಗೆ ಬೇರ್ಪಡಿಸಲು ಕೊಡಿ. ತೊಗರಿ, ಕೆಮ್ಮಣ್ಣು, ಬೂದಿ, ಈ ಮೂರೇ ಸಿಗುತ್ತವೆ. ನಾಲ್ಕನೆಯದು ಸಿಕ್ಕರೆ ನನಗೆ ತಿಳಿಸಿ.

ಇತಿ,
ಏಕನಾಥಮ್ಮ


12 ಜುಲೈ 2024

ಪೂಜ್ಯ ಏಕನಾಥಮ್ಮನವರಿಗೆ ಅನುಪಮಾ ಮಾಡುವ ನಮಸ್ಕಾರಗಳು.

ನಿಮ್ಮ ಬೀಜದಿಂದ ಎರಡು ದಿನ ಪಾಠ ನಡೆಯಿತು. ಹೊರಕೆರೆದೇವಪುರದ ನಮ್ಮ ಮನೆಯಿಂದ ನಾನು ತಂದಿದ್ದ ಜರಡಿಯಲ್ಲಿ ಮೊದಲು ಬೂದಿ ಇಳಿಸಿದೆವು. ಆಮೇಲೆ ಕಾಳನ್ನು ಬಕೆಟ್ಟಿನ ನೀರಿಗೆ ಹಾಕಿ ತಿಕ್ಕಿದೆವು. "ಮಿಸ್, ಯಮುನಾರ ಮನೆ ತೊಗರಿ ಸ್ನಾನ ಮಾಡ್ತೈತೆ" ಎಂದು ವಿನೋದ್ ಎಲ್ಲರನ್ನೂ ನಗಿಸಿದ. ಕೆಂಪು ನೀರನ್ನು ರಾತ್ರಿಯಿಡೀ ಅಲುಗಿಸದೆ ಬಿಟ್ಟೆವು. ಬೆಳಿಗ್ಗೆ ಮಣ್ಣು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿತ್ತು. ತಿಳಿನೀರನ್ನು ಬಸಿಯುವಾಗ ತಳದ ಮಣ್ಣು ಕದಡದ ಹಾಗೆ ಬಕೆಟ್ಟನ್ನು ಓರೆ ಮಾಡಿದವಳು ಯಮುನಾ. 

ನಾಲ್ಕನೆಯದು ಸಿಕ್ಕರೆ ತಿಳಿಸಿ ಎಂದು ಬರೆದಿದ್ದಿರಿ. ಸಿಕ್ಕಿದೆ. ತೊಳೆದ ಕಾಳನ್ನು ಬಟ್ಟೆಯ ಮೇಲೆ ಹರಡಿದಾಗ ಯಮುನಾ ಸುಮ್ಮನೆ ಕೂತು ಅದನ್ನು ಎರಡು ಗುಡ್ಡೆ ಮಾಡಿದಳು. ಒಂದು ಸಣ್ಣ ಕಾಳು, ಕಡುಗೆಂಪು. ಇನ್ನೊಂದು ದಪ್ಪ ಕಾಳು, ಬಣ್ಣ ತೆಳು. "ನಾಲ್ಕು ಮಿಸ್" ಎಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವಳ ಹೆಸರನ್ನು ಹಲಗೆಯ ಮೇಲೆ ಬರೆದು ಕೆಳಗೆ ನಾಲ್ಕನ್ನೂ ಬರೆಸಿದೆ: ಸಣ್ಣ ತೊಗರಿ, ದಪ್ಪ ತೊಗರಿ, ಕೆಮ್ಮಣ್ಣು, ಬೂದಿ. ಇಂಥ ಪಾಠ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ನಿಮ್ಮ ವಿಶ್ವಾಸಿ,
ಅನುಪಮಾ


15 ಜುಲೈ 2024

ಅನುಪಮಾ ಅವರಿಗೆ,

ಶನಿವಾರ ನಡುಹಟ್ಟಿಯ ಸಣ್ಣತಿಮ್ಮಪ್ಪ ಬಂದಿದ್ದ. ಕಾರಹುಣ್ಣಿಮೆಗೆ ಒಯ್ದ ಬೀಜವನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ತಂದಿದ್ದ. ಕುಂತ್ಕೊಳ್ಳಪ್ಪ ಎಂದರೂ ಕೂರಲಿಲ್ಲ. "ಅಕ್ಕಾ, ಇಸ್ಕೂಲ್ ಹುಡುಗ್ರು ಚೆಂದಾಗಿ ಆರಿಸ್ತಾರಂತೆ. ಇದನ್ನೂ ಒಂದು ಕೈ ಆರಿಸಿಕೊಡ್ರಿ ಅಂತ ತಂದೆ" ಎಂದ. ಕಾಳು ಸುರಿದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ನನಗಿಂತ ಕಿರಿಯ. ಅವನ ತಂದೆ ನಮ್ಮ ಅಂಗಳದಲ್ಲಿ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ನಿಂತದ್ದನ್ನು ನಾನು ನೋಡಿಲ್ಲ. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ.

ನಮ್ಮ ಬೀಜದಲ್ಲಿ ಬೆರಕೆ ಇಲ್ಲ. ಬೇರೆ ಮಕ್ಕಳು ಅಂಗಡಿ ತೊಗರಿ ತಂದಿರಬೇಕು. ನಿಮ್ಮ ಬಕೆಟ್ಟಿನಲ್ಲಿ ಅದು ಸೇರಿರಬೇಕು. ನಾಡಿದ್ದು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ, ಅಜಾಗರೂಕತೆಯಿಂದ ಶಾಲೆಯಲ್ಲೇ ಕಾಳು ಬೆರೆಯಿತು ಎಂದು ನೀವು ಹೇಳಬೇಕು. ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ. ಅಷ್ಟು ಸಾಕು.

ಏಕನಾಥಮ್ಮ


17 ಜುಲೈ 2024

ಪೂಜ್ಯ ಏಕನಾಥಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಮನೆಯ ಮಾತು ಊರಿನ ಬಾಯಿಗೆ ಬಿದ್ದದ್ದಕ್ಕೆ ನನಗೆ ಬೇಸರವಿದೆ. ಹಲಗೆಯ ಮೇಲೆ ಹೆಸರು ಬರೆಯುವ ಮೊದಲು ನಾನು ಯೋಚಿಸಬೇಕಿತ್ತು. ಅಷ್ಟನ್ನು ಪ್ರಾರ್ಥನೆಯಲ್ಲಿ ನಿಂತು ಹೇಳಲು ಸಿದ್ಧಳಿದ್ದೇನೆ.

ಆದರೆ ಕಾಳು ಶಾಲೆಯಲ್ಲಿ ಬೆರೆತದ್ದಲ್ಲ. ಬೇರೆ ಯಾವ ಮಗುವೂ ತೊಗರಿ ತಂದಿರಲಿಲ್ಲ. ಎರಡೂ ಬಗೆಯ ಕಾಳಿಗೆ ಒಂದೇ ಕೆಮ್ಮಣ್ಣು ಹತ್ತಿತ್ತು. ಅದನ್ನು ತಿಕ್ಕಿ ತೊಳೆದವರು ಮಕ್ಕಳೇ. ತಮ್ಮ ಕೈಯಿಂದ ಮಾಡಿ ತಮ್ಮ ಕಣ್ಣಿಂದ ಕಂಡದ್ದನ್ನು ಇಲ್ಲವೆಂದು ನಾನು ಹೇಳಿದರೆ, ಮರುದಿನ ಅವರಿಗೆ ಯಾವ ಪಾಠ ಮಾಡಲಿ? ಎಲ್ಲರಿಗಿಂತ ಮೊದಲು ಕಂಡವಳು ಯಮುನಾ. ಅವಳನ್ನು ಎದುರಿಗೆ ಕೂರಿಸಿಕೊಂಡು ನಾನು ಆ ಮಾತು ಆಡಲಾರೆ.

ನಿಮ್ಮ ವಿಶ್ವಾಸಿ,
ಅನುಪಮಾ


20 ಜುಲೈ 2024

ಅನುಪಮಾಗೆ,

ಸೋಮವಾರದಿಂದ ನೀನು ಬರಬೇಕಾಗಿಲ್ಲ. ಮುಖ್ಯೋಪಾಧ್ಯಾಯರಾದ ಶಿವಕುಮಾರಪ್ಪನವರು ಇವತ್ತು ತಿಳಿಸುತ್ತಾರೆ. ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳುವುದು ಬಿಡುವುದು ಊರವರ ಒಪ್ಪಿಗೆಯ ಮೇಲೆ ನಿಂತಿದೆ. ಮಾರುತೇಶ್ ಸಮಿತಿಯ ಕಾಗದಕ್ಕೆ ರುಜು ಹಾಕಿದ್ದಾನೆ.

ನಿನ್ನ ಜರಡಿ ಶಾಲೆಯಲ್ಲೇ ಇದೆ. ತರಿಸಿಕೊ.

ಏಕನಾಥಮ್ಮ


18 ನವೆಂಬರ್ 2024

ಅನುಪಮಾ ಅವರಿಗೆ,

ಈ ಪತ್ರವನ್ನು ಹೊರಕೆರೆದೇವಪುರದ ನಿಮ್ಮ ತಂದೆ ಚಿತ್ರಲಿಂಗಪ್ಪನವರ ವಿಳಾಸಕ್ಕೆ ಹಾಕುತ್ತಿದ್ದೇನೆ. ಈಗ ಎಲ್ಲಿದ್ದೀರೋ ತಿಳಿಯದು. ಓದದೆ ಹರಿದುಹಾಕಿದರೂ ನನ್ನ ತಕರಾರಿಲ್ಲ.

ನಮ್ಮಲ್ಲಿ ಬೀಜದ ಗುಡಾಣ ಎರಡು. ನಿಮಗೆ ಕಳಿಸಿದ್ದು ಒಂದರಿಂದ. ಇನ್ನೊಂದರ ಬಾಯಿ ಸಗಣಿ ಮೆತ್ತಿ ಮುಚ್ಚಿದ್ದು ಹಾಗೇ ಇತ್ತು. ನಿಮ್ಮ ಶಾಲೆಯ ಬಕೆಟ್ಟಾಗಲಿ ಮಕ್ಕಳ ಕೈಯಾಗಲಿ ಅದಕ್ಕೆ ಸೋಕಿಲ್ಲ. ಈ ಸಲ ಅದನ್ನೇ ಬಿತ್ತಿಸಿದೆ. ಶೇಂಗಾ ಸಾಲುಗಳ ನಡುವಿನ ಅಕ್ಕಡಿ ಸಾಲಿನಲ್ಲಿ ನಮ್ಮ ತೊಗರಿ ಒಂದೇ ಸಮ ಎದ್ದು ನಿಂತಾಗ ಸಣ್ಣತಿಮ್ಮಪ್ಪನನ್ನು ಕರೆದು ತೋರಿಸಬೇಕೆಂದಿದ್ದೆ.

ಮಂಡಿ ನೋವು ಹಿಡಿದ ಮೇಲೆ ನಾನು ಹೊಲಕ್ಕೆ ಹೋಗುವುದು ಬಿಟ್ಟಿದ್ದೆ. ಬೀಜ ಆರಿಸಿ ಮಣ್ಣು ಕಟ್ಟುವ ಕೆಲಸವನ್ನೂ ಶಿವಗಂಗಮ್ಮನಿಗೆ ಬಿಟ್ಟಿದ್ದೆ. ಕಣದಿಂದ ಮನೆಗೆ ಬರುತ್ತಿದ್ದದ್ದು ಮಣ್ಣು ಕಟ್ಟಿದ ಕಾಳು. ಗುಡಾಣದ ಬಾಯಿ ಮುಚ್ಚುವುದು, ತೆರೆಯುವುದು, ಬೀಜದ ಕೋಣೆಯ ಕೀಲಿಕೈ ಇಟ್ಟುಕೊಳ್ಳುವುದು ಮಾತ್ರ ನನ್ನದು. ನಿನ್ನೆ ಭಾನುವಾರ ಮಾರುತೇಶನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದೆ. ಯಮುನಾ ನಡೆದೇ ಬಂದಳು.

ಬದುವಿನ ಮೇಲೆ ನಿಂತು ನೋಡಿದೆ. ನಮ್ಮ ತೊಗರಿ ಈ ಹೊತ್ತಿಗೆ ಹೂವಿಗೆ ಬರಬೇಕು. ಹಳದಿ ಹೂವು, ಹಿಂಬದಿಗೆ ಕೆಂಪು ಗೀರು. ಅಂಥ ಗಿಡಗಳಿದ್ದವು. ಅವುಗಳ ಪಕ್ಕದಲ್ಲೇ ಹೂವು ಮುಗಿದು ಕಾಯಿ ಒಣಗುತ್ತಿದ್ದ ಗಿಡಗಳೂ ಇದ್ದವು. ಒಂದೇ ಗುಡಾಣದ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಸಾಲು.

ಯಮುನಾಳನ್ನು ಕರೆದು, ಇಲ್ಲಿ ಎಷ್ಟು ಬಗೆ ಐತೆ ಹೇಳು ಎಂದೆ.

ಅವಳು ಹೊಲದ ಕಡೆ ತಿರುಗಲೇ ಇಲ್ಲ. ನನ್ನ ಮುಖ ನೋಡಿ ಹೇಳಿದಳು: "ನೀನು ಎಷ್ಟು ಅಂತೀಯೋ ಅಷ್ಟು, ಅಜ್ಜಿ."

ಅವಳ ಧ್ವನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಗದರಿಸುತ್ತಿದ್ದೆ. ನನಗೆ ಬೇಕಾದದ್ದು ಏನೆಂದು ತಿಳಿದುಕೊಂಡು ಅದನ್ನೇ ಕೊಟ್ಟಳು. ಈ ಮನೆಯಲ್ಲಿ ಎಲ್ಲರೂ ನನಗೆ ಹಾಗೆಯೇ ಉತ್ತರ ಕೊಡುತ್ತಾರೆ. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ಮನೆಗೆ ಬಂದು ಶಿವಗಂಗಮ್ಮನನ್ನು ಕೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು, ಏಳಲಿಲ್ಲ. ಮೂರು ಸುಗ್ಗಿಯ ಹಿಂದೆ ಮಳೆ ಹಿಡಿದು ಕೆಮ್ಮಣ್ಣು ಸರಿಯಾಗಿ ಒಣಗಲಿಲ್ಲವಂತೆ. ಮನೆಗೆ ತರುವ ಮೊದಲೇ ಅರ್ಧ ಬೀಜಕ್ಕೆ ಹುಳ ಬಿದ್ದಿತಂತೆ. ನನಗೆ ಹೇಳಲು ಹೆದರಿ ಹಿರಿಯೂರು ಸಂತೆಯಿಂದ ತೊಗರಿ ತಂದು ಬೆರೆಸಿ, ಮಣ್ಣು ಕಟ್ಟಿ, ಗುಡಾಣ ತುಂಬಿಸಿದಳಂತೆ. ಮಣ್ಣು ಹತ್ತಿದ ಮೇಲೆ ಯಾವ ಕಾಳಾದರೂ ಕೆಂಪೇ. ಮೂರು ಕಾರಹುಣ್ಣಿಮೆ ನಾನು ಅದನ್ನೇ ಮೊರದಲ್ಲಿ ಹಾಕಿ, ಅತ್ತೆಯವರ ಹೆಸರು ಹೇಳಿ, ಜನರ ಟವೆಲ್ಲಿಗೆ ಸುರಿದಿದ್ದೇನೆ.

ಹೋಗಲಿ, ಮೇಡಂನ ಕಳಿಸಿದಾಗಲಾದರೂ ಹೇಳಬೇಕಿತ್ತಲ್ಲ ಎಂದೆ.

"ಅವ್ರು ಹೇಳಿದ್ರಲ್ಲ ಅತ್ತೆ" ಎಂದಳು. "ಹೇಳಿದ್ದಕ್ಕೆ ಅವ್ರಿಗೆ ಏನಾತು ಅಂತ ನೋಡಿದ್ನಲ್ಲ."



ನಿಮ್ಮ ಜರಡಿ ಯಮುನಾಳ ಹಾಸಿಗೆಯ ಕೆಳಗೆ ಸಿಕ್ಕಿತು. ಶಾಲೆಯಿಂದ ಯಾವಾಗ ತಂದಳೋ ಗೊತ್ತಿಲ್ಲ. ನಾನು ನೋಡಿದೆನೆಂದು ಅವಳಿಗೆ ಹೇಳಿಲ್ಲ.

ಏಕನಾಥಮ್ಮ


ಹೊಸದುರ್ಗ
9 ಡಿಸೆಂಬರ್ 2024

ಏಕನಾಥಮ್ಮನವರಿಗೆ ನಮಸ್ಕಾರ.

ಅಪ್ಪ ನಿಮ್ಮ ಪತ್ರವನ್ನು ಇಲ್ಲಿಗೆ ತಂದುಕೊಟ್ಟರು. ಉತ್ತರ ಬರೆಯಬೇಕೋ ಬೇಡವೋ ಎಂದು ಬಹಳ ದಿನ ಇಟ್ಟುಕೊಂಡಿದ್ದೆ.

ನಾನೀಗ ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿದ್ದೇನೆ. ವಿಜ್ಞಾನ ಕೊಟ್ಟಿಲ್ಲ. ಒಂದನೇ ತರಗತಿಯವರಿಗೆ ಅಕ್ಷರ ತಿದ್ದಿಸುತ್ತೇನೆ. ವರ್ಷದ ನಡುವೆ ಶಾಲೆ ಬಿಟ್ಟು ಬಂದವರನ್ನು ಎಲ್ಲರೂ ಕಾರಣ ಕೇಳುತ್ತಾರೆ. ಊರವರಿಗೆ ಬೇಡವಾದೆ ಎಂದರೆ ಅದರ ಮುಂದಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲೇ ಉತ್ತರ ಮಾಡಿಕೊಳ್ಳುತ್ತಾರೆ.

ಗಿಡಗಳ ವಿಷಯ ಬರೆದಿದ್ದೀರಿ. ನನಗೆ ತಿಳಿದದ್ದು ಇಷ್ಟು. ಬೂದಿ ಕಾಳಿನ ನಡುವೆ ಇತ್ತು, ಜರಡಿಗೆ ಇಳಿಯಿತು. ಮಣ್ಣು ಕಾಳಿನ ಮೇಲಿತ್ತು, ನೀರಿಗೆ ಬಿಟ್ಟಿತು. ದಪ್ಪ ಕಾಳು, ಸಣ್ಣ ಕಾಳು ಕೈಗೆ ಸಿಕ್ಕಿದವು. ಆದರೆ ಎರಡು ಬಗೆಯ ತೊಗರಿ ಅಕ್ಕಪಕ್ಕ ಹೂ ಬಿಟ್ಟರೆ ಜೇನು ಇದರದ್ದನ್ನು ಅದಕ್ಕೆ ಮುಟ್ಟಿಸುತ್ತದೆ. ಹಾಗೆ ಹುಟ್ಟಿದ ಕಾಳು ಎರಡರದ್ದೂ ಹೌದು, ಯಾವುದರದ್ದೂ ಅಲ್ಲ. ಅದನ್ನು ಬೇರ್ಪಡಿಸುವ ವಿಧಾನ ನಮ್ಮ ಪಾಠದಲ್ಲಿ ಇರಲಿಲ್ಲ.

ಜರಡಿ ಯಮುನಾ ಹತ್ತಿರವೇ ಇರಲಿ.

ಅನುಪಮಾ


20 ಜನವರಿ 2025

ಅನುಪಮಾ ಅವರಿಗೆ,

ಶಿವಕುಮಾರಪ್ಪನವರ ಹತ್ತಿರ ನಾನೇ ಹೋಗಿದ್ದೆ. ನಿಮ್ಮ ಜಾಗಕ್ಕೆ ಆಗಸ್ಟಿನಲ್ಲೇ ಬೇರೆಯವರು ಬಂದಿದ್ದಾರೆ. ಬಡವರ ಮನೆಯ ಹುಡುಗಿ, ಒಳ್ಳೆಯವಳು. ಅವಳನ್ನು ತೆಗೆದು ನಿಮ್ಮನ್ನು ಕರೆಸುವುದು ಮೊದಲಿನ ಕೆಲಸವನ್ನೇ ಎರಡನೇ ಸಲ ಮಾಡಿದ ಹಾಗೆ. ಎದ್ದು ಬಂದೆ. ಬರುವಾಗ ಹಲಗೆ ಕಂಡಿತು. ಬೇರೆ ಯಾವುದೋ ಪಾಠವಿತ್ತು.

ತೊಗರಿ ಕೊಯ್ಲು ಮುಗಿಯಿತು. ಕಾಳನ್ನು ನಾನೇ ಬಿಸಿಲಿನಲ್ಲಿ ಕೂತು ನೋಡಿದೆ. ನೀವು ಬರೆದದ್ದು ಸರಿ. ಎಷ್ಟೋ ಕಾಳುಗಳನ್ನು ಯಾವ ಗುಡ್ಡೆಗೆ ಹಾಕಬೇಕೆಂದು ತಿಳಿಯದೆ ಅಂಗೈಯಲ್ಲೇ ಇಟ್ಟುಕೊಂಡು ಕೂತೆ.

ಇದಕ್ಕೆ ಉತ್ತರ ಬೇಕಿಲ್ಲ.

ಏಕನಾಥಮ್ಮ


14 ಜೂನ್ 2025

ಅನುಪಮಾ ಮೇಡಂ ಅವರಿಗೆ,

ಬುಧವಾರ ಕಾರಹುಣ್ಣಿಮೆ ಆಯಿತು. ಕಳೆದ ಸಲದಷ್ಟು ಜನ ಬರುವುದಿಲ್ಲವೆಂದುಕೊಂಡಿದ್ದೆ. ಎಲ್ಲರೂ ಬಂದರು. ಕೆಲವರು ಬೀಜಕ್ಕೆ ಬಂದರು, ಕೆಲವರು ಏನಾಗುತ್ತದೆ ನೋಡಲು ಬಂದರು. ಸಣ್ಣತಿಮ್ಮಪ್ಪ ಬೇಲಿಯ ಹತ್ತಿರ ನಿಂತಿದ್ದ. ಬೀಜಕ್ಕೆ ಬಂದವನೋ ನೋಡಲು ಬಂದವನೋ ಗೊತ್ತಾಗದ ಹಾಗೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದ.

ಈ ಸುಗ್ಗಿಯ ಕಾಳಿಗೆ ಮಣ್ಣು ಕಟ್ಟಿ ತುಂಬಿದ್ದ ಗುಡಾಣವನ್ನು ಅಂಗಳಕ್ಕೆ ತರಿಸಿದೆ. ಕಂಬಳಿ ಹಾಸಿ, ಬಕೆಟ್ಟು, ಪಾತ್ರೆ ಇಡಿಸಿದೆ. ಯಮುನಾಳನ್ನು ಕರೆದು ನಿನ್ನ ಮಿಸ್ಸಿನ ಜರಡಿ ತಾ ಎಂದೆ. ಅವಳು ತಾಯಿಯ ಮುಖ ನೋಡಿದಳು, ಆಮೇಲೆ ಓಡಿಹೋಗಿ ತಂದಳು. ಬೂದಿ ಇಳಿಸು, ಮಣ್ಣು ತೊಳಿ, ಇವರೆಲ್ಲ ನೋಡಲಿ ಎಂದೆ. ನೀವು ಎರಡು ದಿನ ಮಾಡಿದ್ದನ್ನು ಅವಳು ಬೆಳಗಿನೊಳಗೆ ಮಾಡಿದಳು. ಕೆಸರು ನೀರು ತಿಳಿಯಾಗುವವರೆಗೆ ಜನ ಕಾಯುವುದಿಲ್ಲವಲ್ಲ. "ಇದು ಕುಂತ್ಕೊಳ್ಳೋಕೆ ನಾಳೆ ಬೆಳಿಗ್ಗೆ ಬೇಕು, ಆಮೇಲೆ ಬಂದು ನೋಡ್ರಿ" ಎಂದು ಬಕೆಟ್ಟನ್ನು ಪಕ್ಕಕ್ಕಿಟ್ಟಳು. ಜನ ನಕ್ಕರು. ಎಷ್ಟೋ ತಿಂಗಳ ಮೇಲೆ ಅವಳು ನಾಲ್ಕು ಜನರ ಮುಂದೆ ಆಡಿದ ಮೊದಲ ಮಾತು ಅದು.

ತೊಳೆದ ಕಾಳನ್ನು ಕಂಬಳಿಯ ಮೇಲೆ ಹರಡಿದಾಗ ನಾನು ಎದ್ದು ನಿಂತೆ. ಇದರಲ್ಲಿ ನಮ್ಮ ತೊಗರಿ ಇದೆ, ಸಂತೆಯ ತೊಗರಿ ಇದೆ, ಮಣ್ಣು ಇತ್ತು, ಬೂದಿ ಇತ್ತು, ಒಟ್ಟು ನಾಲ್ಕು. ಮೇಡಂ ಹೋದ ವರ್ಷ ಹೇಳಿದ್ದು ಇದನ್ನೇ, ಅವರು ಹೇಳಿದ್ದು ನಿಜ, ನಿಜ ಹೇಳಿದ್ದಕ್ಕೆ ನಾನು ಅವರ ಕೆಲಸ ಕಳೆದೆ ಎಂದೆ. ಶಿವಗಂಗಮ್ಮನ ಹೆಸರು ಎತ್ತಲಿಲ್ಲ. ಬೆರೆತದ್ದು ಅವಳ ಕೈಯಿಂದ, ಆದರೆ ಅವಳ ಬಾಯಿ ಮುಚ್ಚಿಸಿದ್ದು ನಾನು.

ಆಗ ಯಮುನಾ ಕಾಳಿನ ಮೇಲಿಂದ ತಲೆ ಎತ್ತದೆ ಹೇಳಿದಳು:

"ನಾಲ್ಕಲ್ಲ ಅಜ್ಜಿ. ಐದು."

ಅವಳ ಮುಂದೆ ಮೂರನೆಯ ಗುಡ್ಡೆಯೊಂದಿತ್ತು. ಸಣ್ಣ ಕಾಳೇ, ಆದರೆ ಬಣ್ಣ ತೆಳು. ದಪ್ಪ ಕಾಳೇ, ಆದರೆ ಕಡುಗೆಂಪು. ಎರಡಕ್ಕೂ ಸೇರದವು. ಅವುಗಳ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ನಾನು ಬಗ್ಗಿ ನೋಡಿದೆ. ಐದೇ ಎಂದೆ.

ಸಣ್ಣತಿಮ್ಮಪ್ಪ ತಲೆಯ ಟವೆಲ್ಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. "ಬೆರಕೆ ಆದ್ರೂ ಬೆಳೀತೈತಲ್ಲಕ್ಕಾ, ಕೊಟ್ಬಿಡ್ರಿ" ಎಂದ. ಅವನು ಕರುಣೆಯಿಂದ ಹೇಳಿದ. ಹೋದ ವರ್ಷದ ಅವನ ಕೊಂಕಿಗಿಂತ ಅದು ಹೆಚ್ಚು ಚುಚ್ಚಿತು. ಕೊಡುವುದಿಲ್ಲ ಎಂದೆ. ಯಾವುದೆಂದು ಹೆಸರು ಹೇಳಲಾಗದ್ದನ್ನು ಅತ್ತೆಯವರ ಹೆಸರಿನಲ್ಲಿ ಕೊಡಲಾರೆ. ಬೇಕಾದವರು ಅಡಿಗೆಗೆ ಒಯ್ಯಲಿ ಎಂದೆ. ಯಾರೂ ಒಯ್ಯಲಿಲ್ಲ. ಟವೆಲ್ಲು ಕೊಡವಿಕೊಂಡು ಹೋದರು.

ಸಣ್ಣ ಕಡುಗೆಂಪು ಕಾಳು ಒಂದು ಬೊಗಸೆಯಷ್ಟು ಉಳಿದಿದೆ. ಅದರ ಒಳಗೂ ಏನು ಬೆರೆತಿದೆಯೋ ಹೊಲದಲ್ಲಿ ಗಿಡವಾದ ಮೇಲೆ ಗೊತ್ತಾಗಬೇಕು. ಬೇರೆ ತೊಗರಿ ಇಲ್ಲದ ಕಡೆ, ಕುರಿಹಟ್ಟಿಯ ಹಿಂದಿನ ಮೂಲೆಯಲ್ಲಿ ಶಿವಗಂಗಮ್ಮ ಬಿತ್ತುತ್ತಾಳೆ. ಕೆಂಪು ಗೀರಿಲ್ಲದ ಹೂವು ಬಿಟ್ಟ ಗಿಡವನ್ನು ಅವಳೇ ಕೀಳುತ್ತಾಳೆ. ಎಷ್ಟು ವರ್ಷ ಹಿಡಿಯುತ್ತದೋ. ಅಷ್ಟು ವರ್ಷ ನಾನು ನೋಡುತ್ತೇನೆಂಬ ಭರವಸೆ ಇಲ್ಲ.

ಬೀಜದ ಕೋಣೆಯ ಕೀಲಿಕೈಯನ್ನು ಅಂದೇ ಸಂಜೆ ಅವಳ ಕೈಗೆ ಕೊಟ್ಟೆ. ತಪ್ಪಾದರೆ ಬಂದು ಹೇಳು ಎಂದೆ. ಹೇಳುತ್ತೇನೆ ಎನ್ನಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೇಳುವ ದಿನ ಬರಲಿಕ್ಕೆ ಇನ್ನೂ ಕಾಲ ಬೇಕೇನೋ.

ಜರಡಿಯನ್ನು ನಿಮಗೆ ವಾಪಸು ಕಳಿಸೋಣವೆಂದಿದ್ದೆ. ಯಮುನಾ ಕೊಡಲಿಲ್ಲ. ಕೊಡುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದಳು. ಆದ್ದರಿಂದ ಅತ್ತೆಯವರ ಮೊರವನ್ನು ಅರಿಶಿನ ಬಳಿದು ಬಟ್ಟೆಯಲ್ಲಿ ಸುತ್ತಿ, ಒಳಗೆ ಐದು ಬಗೆಯ ಐದು ಪೊಟ್ಟಣ ಕಟ್ಟಿ, ನಿನ್ನೆ ಬೆಳಿಗ್ಗೆ ಹೊಸದುರ್ಗದ ಬಸ್ಸಿನಲ್ಲಿ ಮಾರುತೇಶನ ಕೈಯಲ್ಲಿ ಕಳಿಸಿದೆ. ನಿಮ್ಮ ಶಾಲೆಯ ಬಾಗಿಲಲ್ಲಿ ನಿಮ್ಮ ಕೈಗೇ ಕೊಟ್ಟು ಸಂಜೆ ಬರಿಗೈಯಲ್ಲಿ ಬಂದ.

ಇತಿ,
ಏಕನಾಥಮ್ಮ